ನಾರಾಯಣಪುರ ಡ್ಯಾಂ ಒಂದೇ ದಿನದಲ್ಲಿ: ನನ್ನ ಕ್ರೂಸರ್ ಲೆಕ್ಕ

ಬೆಳಿಗ್ಗೆ ಕಲಬುರಗಿ ಬಿಟ್ಟು ನಾರಾಯಣಪುರ ಡ್ಯಾಂ, ಛಾಯಾ ಭಗವತಿ, ತಿಂಥಣಿ, ಸುರಪುರ ತೋರಿಸಿ ರಾತ್ರಿ ಊಟಕ್ಕೆ ಮನೆ ಮುಟ್ಟಿಸುತ್ತೇನೆ ಅಂದಾಗ ಗಾಡಿ ಸ್ಟ್ಯಾಂಡಿನಲ್ಲಿ ಡ್ರೈವರ್‌ಗಳೆಲ್ಲರೂ ನಕ್ಕಿದ್ದರು. "ಹ್ಯಾಂಗ ಆಗ್ತದಪಾ? ಡೀಸೆಲ್ ರೊಕ್ಕಾನೂ ಹುಟ್ಟಂಗಿಲ್ಲ" ಅಂದರು. ಈಗ ಅವರಲ್ಲೇ ಕೆಲವರು ನನ್ನ ದಾರಿ ಹಿಡಿದಿದ್ದಾರೆ.

ಮೊದಮೊದಲು ದುಡ್ಡು ಹೋದದ್ದು ನೀರಿನಿಂದಲೇ. ರಜೆ ನೋಡಿ ಬುಕ್ಕಿಂಗ್ ಹಿಡಿದರೆ 30 ಗೇಟೂ ಬಂದ್, ಕೆಳಗೆ ಬರೀ ಬಂಡೆ. "ಇದನ್ನ ನೋಡಾಕ ಇಷ್ಟ್ ದೂರ ಬಂದ್ವೇನ್ರೀ?" ಅಂತ ಗಿರಾಕಿಗಳು ಬಾಡಿಗೆಯಲ್ಲಿ ಸಾವಿರ ಮುರಿದುಕೊಂಡರು. ಇನ್ನೊಮ್ಮೆ ಉಲ್ಟಾ. ಎರಡು ಲಕ್ಷ ಕ್ಯುಸೆಕ್ ದಾಟಿತ್ತು. ಡ್ಯಾಂ ಕೆಳಗೆ ನದಿ ದಂಡೆಯಲ್ಲಿರುವ ಛಾಯಾ ಭಗವತಿ ಗುಡಿಯ ಮೆಟ್ಟಿಲೆಲ್ಲ ಮುಳುಗಿ, ಪೊಲೀಸರು ದೂರದಲ್ಲೇ ತಡೆದರು.

ಈಗ ನಾನು ಕ್ಯಾಲೆಂಡರ್ ನೋಡಲ್ಲ, ಕೃಷ್ಣಾ ನದಿಗೆ ಮೇಲ್ಗಡೆ ಕಟ್ಟಿದ ಆಲಮಟ್ಟಿ ಡ್ಯಾಂ ನೋಡುತ್ತೇನೆ. ಅಲ್ಲಿನದು 290 ಮೆಗಾವಾಟ್ ಪವರ್ ಹೌಸ್. ಮಳೆಗಾಲದಲ್ಲಿ ಕರೆಂಟ್ ತೆಗೆದೇ 40 ಸಾವಿರ ಕ್ಯುಸೆಕ್ ಆಸುಪಾಸು ಹೊರಬರುತ್ತೆ. ಅದಕ್ಕಿಂತ ಜಾಸ್ತಿ ಬಿಡಬೇಕಾದರೆ ಗೇಟ್ ಎತ್ತುತ್ತಾರೆ. ಆ ನೀರೆಲ್ಲ ಬರೋದು ನಮ್ಮ ಬಸವಸಾಗರಕ್ಕೇ, ಅಂದರೆ ನಾರಾಯಣಪುರ ಡ್ಯಾಂಗೇ. ಆಲಮಟ್ಟಿಯದು 123 ಟಿಎಂಸಿ, ನಮ್ಮದು 33ರ ಲೆಕ್ಕ. ನಮ್ಮ ಡ್ಯಾಂ 492 ಮೀಟರ್ ಹತ್ತಿರ ತುಂಬಿ ನಿಂತಿದ್ದರೆ ಬಂದಷ್ಟನ್ನೂ ಕೆಳಗೆ ಬಿಡಲೇಬೇಕಲ್ವಾ? ಆಲಮಟ್ಟಿಯಿಂದ ಬಿಟ್ಟ ನೀರು, ನಮ್ಮ ಡ್ಯಾಂ ಮಟ್ಟ, ಪೇಪರಿನಲ್ಲಿ ಈ ಎರಡು ಅಂಕಿ ಸಿಕ್ಕರೆ ಸಾಕು. ಅರವತ್ತು ಸಾವಿರದಿಂದ ಒಂದು ಲಕ್ಷದ ಒಳಗೆ ಬಿಡುವ ದಿನ ನನಗೆ ಸರಿಹೋಗುತ್ತೆ. ಹಿಂದಿನ ರಾತ್ರಿ ಯಾರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತೇನೆ ಅಂತ ಮಾತ್ರ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ಉಳಿದ ಡ್ರೈವರ್‌ಗಳು ದಾರಿಯುದ್ದಕ್ಕೂ ಇಳಿಸುತ್ತ ಹೋಗುತ್ತಾರೆ. ಡ್ಯಾಂ ಮುಟ್ಟುವಾಗ ಹೊತ್ತು ಮುಳುಗಿರುತ್ತೆ. ನಂದು ದೂರದ್ದು ಮೊದಲು. ಐದಕ್ಕೆ ಗಾಡಿ ಬಿಟ್ಟು, ಜೇವರ್ಗಿ ಹತ್ತಿರ ಭೀಮಾ ದಾಟಿ, ಶಹಾಪುರದಲ್ಲಿ ಸುಸಲಾ-ಮಿರ್ಚಿ. ಮಲಗಿದ ಬುದ್ಧನ ಗುಡ್ಡ ಕಿಟಕಿಯಿಂದಲೇ. ಆಮೇಲೆ ಹುಣಸಗಿ, ಕೊಡೇಕಲ್ಲು ದಾಟಿ ನಾರಾಯಣಪುರದವರೆಗೆ ಬ್ರೇಕಿಲ್ಲ.

ಛಾಯಾ ಭಗವತಿಯಲ್ಲಿ ಜಾಸ್ತಿ ಹೊತ್ತು ಕೊಡಿ. ಗೇಟಿನಿಂದ ಬಿದ್ದ ಕೆಂಪು ನೀರು ಬಂಡೆಗೆ ಬಡಿದು, ಚಹಾ ಉಕ್ಕಿದಂಗೆ ನೊರೆ ಕಟ್ಟಿ ಬರುತ್ತೆ. ತುಂತುರು ಕೂದಲ ಮೇಲೆ ಕೂರುತ್ತೆ, ಮೊಬೈಲ್ ಪರದೆ ಒರೆಸಿದಷ್ಟೂ ಮಂಜು. ಪಕ್ಕದವರಿಗೆ ಕೂಗಿಯೇ ಮಾತಾಡಬೇಕು. ಅಜ್ಜಿಯರು ಮೇಲಿನ ಮೆಟ್ಟಿಲಲ್ಲೇ ನಿಂತು, ಹರಿವ ನೀರಿಗೆ ಅರಿಶಿನ-ಕುಂಕುಮ ಎಸೆದು ಕೈ ಮುಗಿಯುತ್ತಾರೆ. ಹುಡುಗರನ್ನು ಮಾತ್ರ ಬಂಡೆ ಮೇಲೆ ಇಳಿಯಲು ಬಿಡಬೇಡಿ. ನೀರು ಏರುವುದು ಗೊತ್ತೇ ಆಗಲ್ಲ.

ಒಂದೆರಡು ಪ್ರಯೋಗಾನೂ ಮಾಡಿದೆ. ಹುಣಸಗಿ ಕಡೆ ಆದಿಮಾನವರ ಕಲ್ಲಿನ ಕೊಡಲಿ ಸಿಕ್ಕ ಜಾಗಗಳಿವೆ. ಇಸಾಂಪುರದ್ದು ಸುಮಾರು 12 ಲಕ್ಷ ವರ್ಷ ಹಳೆಯದು ಅಂತಾರೆ. ಅಲ್ಲಿಗೆ ಕರೆದುಕೊಂಡು ಹೋದರೆ ಒಬ್ಬ ಮಾಸ್ತರರು ಬಿಟ್ಟು ಉಳಿದವರೆಲ್ಲ ಗಾಡಿಯಲ್ಲೇ ನಿದ್ದೆ. ಬೋನಾಳ ಕೆರೆಯೂ ಹಾಗೇ. ವಲಸೆ ಹಕ್ಕಿ ಬರೋದು ಚಳಿಗಾಲಕ್ಕೆ, ಆಗ ಗೇಟ್ ಬಂದ್. ಎರಡೂ ಒಟ್ಟಿಗೆ ಕೂಡಲ್ಲ. ಹಕ್ಕಿಗೆ ಬೇರೆ ಟ್ರಿಪ್ಪೇ ಮಾಡಬೇಕು.

ವಾಪಸ್ ಬರುವಾಗ ತಿಂಥಣಿ ಮೌನೇಶ್ವರನ ಗುಡಿ ಹತ್ತಿರ ನದಿ ದಂಡೆಯಲ್ಲಿ ಬುತ್ತಿ ಬಿಚ್ಚೋದು. ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ನಮ್ಮ ಮನೆಯದೇ. ಸಂಜೆಗೆ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್, ಒಂದು ಚಹಾ, ಅಷ್ಟೇ.

ರೊಕ್ಕದ ಮಾತು. ಕಿಲೋಮೀಟರ್ ಬಾಡಿಗೆ ಬಿಟ್ಟು ಸೀಟಿನ ಲೆಕ್ಕಕ್ಕೆ ಬಂದ ಮೇಲೇ ಉಸಿರು ಬಂತು. 12 ಸೀಟು, ತಲೆಗೆ 550. ಡೀಸೆಲ್‌ಗೆ 3 ಸಾವಿರ ಹಿಡಿದರೂ, ಬುತ್ತಿ-ಚಹಾ ಕಳೆದು ಎರಡೂವರೆಯಾದರೂ ಉಳಿಯುತ್ತೆ. ಅರ್ಧ ಅಡ್ವಾನ್ಸ್. ನೀರಿಲ್ಲದಿದ್ದರೆ ತಾರೀಖು ಮುಂದಕ್ಕೆ, ದುಡ್ಡು ವಾಪಸ್ ಇಲ್ಲ. ಮೊದಲು ಗೊಣಗಿದರು, ಈಗ ಅವರೇ ಫೋನ್ ಮಾಡಿ "ನೀರು ಬಿಟ್ಟಾರೇನ್ರೀ?" ಅಂತಾರೆ. ಜಲದುರ್ಗದ ಕೋಟೆನೂ ಸೇರಿಸಿ ಅನ್ನುವವರಿದ್ದಾರೆ. ಗೇಟ್ ಜೋರಿದ್ದಾಗ ಆ ದಾರಿಯ ಶೀಲಹಳ್ಳಿ ಸೇತುವೆ ಮುಳುಗುತ್ತೆ, ಸುತ್ತು ಹಾಕಬೇಕು. ತಲೆಗೆ ಇನ್ನೂ 150 ಕೊಟ್ಟರೆ ನೋಡೋಣ ಅಂದಿದ್ದೇನೆ.