ಒಬ್ಬ ಸಸ್ಯಶಾಸ್ತ್ರಜ್ಞರ ಕಾಗದಪತ್ರಗಳನ್ನು ಜೋಡಿಸಿದ ಬಗೆ

ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಕಾಡುಗಳಲ್ಲಿ ಬಹುಕಾಲ ಗಿಡಗಳನ್ನು ಸಂಗ್ರಹಿಸಿದ ಹಿರಿಯ ಸಸ್ಯಶಾಸ್ತ್ರಜ್ಞರೊಬ್ಬರು ತೀರಿಕೊಂಡ ಮೇಲೆ, ಅವರ ಪತ್ರಗಳು, ದಿನಚರಿಗಳು ಮತ್ತು ಒಣಗಿಸಿದ ಸಸ್ಯಗಳ ಹಾಳೆಗಳನ್ನು ಜೋಡಿಸಿಕೊಡುವಂತೆ ಮನೆಯವರು ನನ್ನನ್ನು ಕೇಳಿದರು. ಇಂತಹ ರಾಶಿಯನ್ನು ಕಂಡೊಡನೆ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಬೇಕೆನಿಸುತ್ತದೆ. ನಾನು ಹಾಗೆ ಮಾಡಲಿಲ್ಲ. ಯಾವ ಪತ್ರವನ್ನು ಯಾವುದರೊಂದಿಗೆ ಸೇರಿಸಿ ಕಟ್ಟಿದ್ದರು ಎಂಬುದೇ ಅವರ ಆಲೋಚನೆಯ ದಾಖಲೆಯಾದ್ದರಿಂದ, ಪ್ರತಿ ಕಟ್ಟಿನ ಫೋಟೊ ತೆಗೆದುಕೊಂಡ ಮೇಲೆಯೇ ದಾರ ಬಿಚ್ಚಿ, ಹಾಳೆಗಳ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಕ್ರಮಸಂಖ್ಯೆ ಬರೆದೆ.

ಮಲೆನಾಡಿನಲ್ಲಿ ಈ ಕೆಲಸವನ್ನು ಮಳೆಗಾಲ ಕಳೆದ ಮೇಲೆ ಹಿಡಿಯುವುದೇ ಸರಿ. ಬೂಷ್ಟು ಹಿಡಿದ ಹಾಳೆಗಳನ್ನು ಬಿಸಿಲಿಗೆ ಹಾಕದೆ, ಶಾಯಿ ಮಾಸದಂತೆ ನೆರಳಿನಲ್ಲಿ ಒಣಗಿಸಿ ಮೃದುವಾದ ಕುಂಚದಿಂದ ಒರೆಸಿದೆ. ತುಕ್ಕು ಹಿಡಿದ ಗುಂಡುಸೂಜಿಗಳನ್ನು ತೆಗೆದೆ. ಒಣಗಿಡಗಳ ಹಾಳೆಗಳನ್ನು ಮುಟ್ಟುವಾಗ ಮಾತ್ರ ಕೈಗವಸು ಕಡ್ಡಾಯ. ಹುಳು ಹಿಡಿಯದಿರಲೆಂದು ಹಿಂದೆ ಅವುಗಳಿಗೆ ಮರ್ಕ್ಯುರಿಕ್ ಕ್ಲೋರೈಡ್ ಹಚ್ಚುವ ರೂಢಿಯಿತ್ತು, ಅದರ ಪಾದರಸ ದಶಕಗಳು ಕಳೆದರೂ ಉಳಿದಿರುತ್ತದೆ.

ಈ ಕೆಲಸದ ಜೀವಾಳ ಸಂಗ್ರಹ ಸಂಖ್ಯೆ, ಎಂದರೆ ಗಿಡವನ್ನು ಸಂಗ್ರಹಿಸಿದವರೇ ಅದಕ್ಕೆ ಕೊಡುವ ಸಂಖ್ಯೆ. ಒಂದೇ ಗಿಡದ ಎರಡು ಮಾದರಿಗಳನ್ನು ಒಣಗಿಸಿ, ಒಂದನ್ನು ತಾವು ಇಟ್ಟುಕೊಂಡು ಇನ್ನೊಂದನ್ನು ಅದೇ ಸಂಖ್ಯೆಯೊಡನೆ ತಜ್ಞರಿಗೆ ಕಳುಹಿಸಿದರೆ, ಇಂಥ ಸಂಖ್ಯೆಯದು ಇಂಥ ಜಾತಿ ಎಂದಷ್ಟೇ ಉತ್ತರ ಬರುತ್ತದೆ. ಹಾಳೆಯಿಂದ ಬೇರ್ಪಟ್ಟರೆ ಆ ಉತ್ತರಕ್ಕೆ ಅರ್ಥವೇ ಇಲ್ಲ. ಒಣಗಿದಾಗ ಹೂವಿನ ಬಣ್ಣ, ಪರಿಮಳ ಹೋಗಿಬಿಡುವುದರಿಂದ ಅವುಗಳಿಗೆ ದಿನಚರಿಯೊಂದೇ ಸಾಕ್ಷಿ. ಹೀಗಾಗಿ ಪತ್ರ, ದಿನಚರಿಯ ಪುಟ, ಸಸ್ಯದ ಹಾಳೆ ಮೂರನ್ನೂ ಸಂಗ್ರಹ ಸಂಖ್ಯೆಯ ಮೂಲಕ ಒಂದೇ ಪಟ್ಟಿಯಲ್ಲಿ ಕೂಡಿಸಿದೆ. ಸಂಪಿಗೆಯನ್ನು ಪತ್ರದಲ್ಲಿ ಮೈಕೀಲಿಯ ಚಂಪಕ ಎಂದಿದ್ದರೆ ಹಾಗೆಯೇ ಉಳಿಸಿ, ಮ್ಯಾಗ್ನೋಲಿಯ ಚಂಪಕ ಎಂಬ ಇಂದಿನ ವೈಜ್ಞಾನಿಕ ಹೆಸರನ್ನು ಬೇರೆ ಕಾಲಮಿನಲ್ಲಿ ಕೊಟ್ಟೆ.

ಹೆಚ್ಚು ಸಮಯ ಹಿಡಿದದ್ದು ಹೆಸರುಗಳ ಸೂಚಿ. ತಜ್ಞರ ಹೆಸರುಗಳೊಂದಿಗೆ, ಮರ ಹತ್ತಿ ಹೂ ಇಳಿಸಿದವರು, ದಾರಿ ತೋರಿಸಿದವರು, ಗಿಡದ ಊರಿನ ಹೆಸರು ಹೇಳಿದವರು, ಎಲ್ಲರನ್ನೂ ಅದರಲ್ಲಿ ಸೇರಿಸಿದೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ, 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್, ಇಲ್ಲಿನ ಗಿಡಗಳ ಚಿತ್ರಗಳನ್ನು ಮರಾಠಿ ಚಿತ್ರಗಾರನೊಬ್ಬನಿಂದ ಬರೆಸಿದ್ದ. ಕ್ಲೆಗಾರ್ನ್ ಸಂಗ್ರಹದ ಚಿತ್ರಗಳು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಸುರಕ್ಷಿತವಾಗಿವೆ. ಆ ಚಿತ್ರಗಾರನ ಹೆಸರು ಮಾತ್ರ ಉಳಿದುಬಂದಿಲ್ಲ. ಈ ಅನ್ಯಾಯ ನನ್ನನ್ನು ಇಂದಿಗೂ ನೋಯಿಸುತ್ತದೆ. ದಿನಚರಿಯ ಅಂಚಿನಲ್ಲಿ ಒಮ್ಮೆ ಮಾತ್ರ ಕಾಣುವ ಹೆಸರನ್ನೂ ಬಿಡಬಾರದೆಂದು ನಾನು ಹಟ ಹಿಡಿದದ್ದು ಇದಕ್ಕಾಗಿಯೇ.

ಓದುಗರಿಗೆ ಕೊಡುವ ಪ್ರತಿಯಲ್ಲಿ ಒಂದನ್ನು ಮಾತ್ರ ಮುಚ್ಚಿಟ್ಟೆ. ಮದ್ದಿಗಾಗಿ ಅತಿಯಾಗಿ ಕಡಿಯಲ್ಪಟ್ಟ ಮರದರಿಶಿನದಂತಹ ಅಪರೂಪದ ಗಿಡಗಳಿಗೆ ತಾಲ್ಲೂಕನ್ನಷ್ಟೇ ನಮೂದಿಸಿದೆ. ನಿಖರವಾದ ಜಾಗ ಬೇಕಾದ ಸಂಶೋಧಕರು ಮನೆಯವರ ಅನುಮತಿ ಪಡೆದು ಮೂಲ ದಿನಚರಿಯನ್ನೇ ನೋಡಬೇಕು.