ತುಲುಮ್‌ಗೆ ಒಂದು ದಿನ: ಮೊದಲು ಕಲ್ಲು, ಆಮೇಲೆ ಕಡಲು

ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹ್ಯೂಸ್ಟನ್‌ನಿಂದ ಮೆಕ್ಸಿಕೋಗೆ ಹೋದಾಗ ನನಗೆ ತುಂಬಾ ಹಿಡಿಸಿದ್ದು ತುಲುಮ್. ಕೆರಿಬಿಯನ್ ಸಮುದ್ರದ ದಂಡೆಯಲ್ಲಿ, ಬಂಡೆಯ ತುದಿಗೇ ಪ್ರಾಚೀನ ಮಾಯಾ ಜನಾಂಗದವರು ಕಟ್ಟಿದ ಪಟ್ಟಣ. ಅಮೆರಿಕದ ಚಾಲ್ತಿ ವೀಸಾ ಇದ್ದರೆ ಭಾರತದ ಪಾಸ್‌ಪೋರ್ಟಿನವರಿಗೆ ಮೆಕ್ಸಿಕೋ ವೀಸಾ ಬೇರೆ ಬೇಕಿಲ್ಲ. ಆದರೆ ವಾಪಸ್ ಬರಲು ಅದು ಮಲ್ಟಿಪಲ್ ಎಂಟ್ರಿ ಆಗಿದ್ದರೆ ನಿಶ್ಚಿಂತೆ.

ಕ್ಯಾನ್‌ಕೂನ್‌ನಿಂದ ಸುಮಾರು 130 ಕಿ.ಮೀ. ಎಡಿಒ ಕಂಪನಿಯ ಬಸ್ಸು ಆರಾಮ. ನಡುದಾರಿಯ ಊರು ಪ್ಲಾಯಾ ದೆಲ್ ಕಾರ್ಮೆನ್‌ನಲ್ಲಿ ಉಳಿದುಕೊಂಡರೆ ದಾರಿ ಅರ್ಧಕ್ಕರ್ಧ ಉಳಿಯುತ್ತದೆ, ಕೊಲೆಕ್ತಿವೋ ಎಂಬ ಶೇರ್ ವ್ಯಾನುಗಳೂ ಸಿಗುತ್ತವೆ. ಬೆಳಗ್ಗೆ 8ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಒಳಗೆ ನೆರಳು ಕಡಿಮೆ, ಹತ್ತರ ಮೇಲೆ ಟೂರ್ ಬಸ್ಸಿನ ಜನ ಬಂದು ಸೇರುತ್ತಾರೆ. ಭಾನುವಾರ ಮೆಕ್ಸಿಕೋದವರಿಗೆ ಪುಕ್ಕಟೆ ಪ್ರವೇಶ, ಹಾಗಾಗಿ ಬೇರೆ ದಿನ ನೋಡಿಕೊಳ್ಳಿ. ಪೆಸೊ ನಗದು ಕೈಯಲ್ಲಿರಲಿ. ಟೋಪಿ, ನೀರು ಮರೆಯಬೇಡಿ. ಪಾರ್ಕಿಂಗ್‌ನಿಂದಲೇ ನಡಿಗೆ ಸಾಕಷ್ಟಿದೆ.

ಹೆಚ್ಚಿನವರು ಸೀದಾ ಇಲ್ಲಿನ ಮುಖ್ಯ ಕಟ್ಟಡವಾದ ಎಲ್ ಕಾಸ್ತಿಯೋ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಕೋಟೆಗೋಡೆ ನೋಡಿ: ಮೂರು ಕಡೆ ಗೋಡೆ, ನಾಲ್ಕನೇ ಕಡೆ ಸಮುದ್ರವೇ ಕಾವಲು. ಒಳಹೋಗಲು ಐದು ಕಿರಿದಾದ ಬಾಗಿಲು. 13ರಿಂದ 15ನೇ ಶತಮಾನದಲ್ಲಿ ಇದು ವ್ಯಾಪಾರದ ಊರು. ದೋಣಿಗಳಲ್ಲಿ ಸರಕು ಬಂದಿಳಿಯುತ್ತಿದ್ದ ಪುಟ್ಟ ಮರಳುದಂಡೆ ಕಾಸ್ತಿಯೋ ಪಕ್ಕದಲ್ಲೇ ಇದೆ. 1518ರಲ್ಲಿ ಸ್ಪೇನಿನ ಅನ್ವೇಷಕ ಗ್ರಿಹಾಲ್ವನ ಹಡಗುಗಳು ಈ ಕರಾವಳಿಯಲ್ಲೇ ಸಾಗಿದ್ದವು.

ಭಿತ್ತಿಚಿತ್ರಗಳ ಗುಡಿಯ ಎದುರು ಮಾತ್ರ ಅವಸರ ಬೇಡ. ಅದರ ಮೂಲೆಯ ಕಡೆ ಓರೆಯಾಗಿ ನಿಂತು ನೋಡಿ. ಎರಡು ಗೋಡೆ ಕೂಡುವ ಅಂಚೇ ಮೂಗಾಗಿ, ಆಚೀಚೆ ಕಣ್ಣು ಬಾಯಿ ಮೂಡಿ, ಗಾರೆಯ ದೊಡ್ಡ ಮುಖವೊಂದು ಎದ್ದು ಕಾಣುತ್ತದೆ. ಬಾಗಿಲ ಮೇಲಿನ ಗೂಡಿನಲ್ಲಿ ಕಾಲು ಮೇಲೆ, ತಲೆ ಕೆಳಗೆ ಮಾಡಿ ಇಳಿಯುತ್ತಿರುವ ದೇವರು. ಆ ದೇವರು ಯಾರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಶುಕ್ರಗ್ರಹ ಎಂದವರಿದ್ದಾರೆ, ಜೇನಿನ ದೇವರು ಎಂದವರೂ ಇದ್ದಾರೆ. ಅಮ್ಮ ಅಲ್ಲಿಂದ ಕದಲಲೇ ಇಲ್ಲ. ಕಟ್ಟಡಗಳನ್ನು ಹತ್ತಲು ಬಿಡುವುದಿಲ್ಲ, ಅದು ಸರಿಯೇ. ಬಣ್ಣ ಉಳಿದಿರುವುದೇ ಚೂರುಪಾರು.

ಮಧ್ಯಾಹ್ನಕ್ಕೆ ಒಂದೇ ಒಂದು ಸೆನೋತೆ ಇಟ್ಟುಕೊಳ್ಳಿ, ಗ್ರಾನ್ ಸೆನೋತೆ ಹತ್ತಿರದಲ್ಲೇ ಇದೆ. ಸುಣ್ಣದಕಲ್ಲು ಕುಸಿದು ಆದ ಸಿಹಿನೀರಿನ ಹೊಂಡ ಅದು, ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯುವಂತಿಲ್ಲ. ಇನ್ನೊಂದು ಮಾಯಾ ಪಟ್ಟಣವಾದ ಕೋಬಾವನ್ನೂ ಅದೇ ದಿನಕ್ಕೆ ತುರುಕಿದರೆ ಹಿರಿಯರು ಸುಸ್ತಾಗುತ್ತಾರೆ.

ಸಸ್ಯಾಹಾರಿಗಳು ಬರೀ 'ಸಿನ್ ಕಾರ್ನೆ' (ಮಾಂಸ ಬೇಡ) ಎಂದರೆ ಸಾಲದು. ಬೀನ್ಸ್ ಅನ್ನು ಹಂದಿಕೊಬ್ಬಿನಲ್ಲಿ ಬೇಯಿಸುವುದುಂಟು, 'ಸಿನ್ ಮಾಂತೇಕಾ' (ಹಂದಿಕೊಬ್ಬು ಬೇಡ) ಎಂದೂ ಕೇಳಿ.