ಬಸ್ ತುಂಬಿಸದೆ ಅಗತ್ತಿ ಟೂರ್ ಲಾಭಕ್ಕೆ ತಂದದ್ದು: ನನ್ನ ಅನುಭವ

ದಾವಣಗೆರೆಯಲ್ಲಿ ಟೂರ್ಸ್ ನಡೆಸುವವರ ಲೆಕ್ಕ ಬಹುಪಾಲು ಒಂದೇ: ತಿರುಪತಿ, ಶಿರಡಿ, ಕಾಶಿ, ಗೋವಾ. ಬಸ್ ತುಂಬಿದರೆ ಲಾಭ, ಇಲ್ಲದಿದ್ದರೆ ಕೈಯಿಂದ ಖರ್ಚು. ಲಕ್ಷದ್ವೀಪ ಹಾಕ್ತೀನಿ ಅಂದಾಗ ಪಿ.ಬಿ. ರಸ್ತೆಯ ಗೆಳೆಯರೆಲ್ಲ ತಲೆ ಅಲ್ಲಾಡಿಸಿದರು. "ದ್ವೀಪಕ್ಕೆ ಕಾಲಿಡೋಕೂ ಪರ್ಮಿಟ್ ತಾಪತ್ರಯ, ವಿಮಾನ ಸಣ್ಣದು, ನಮ್ ಜನ ಸಸ್ಯಾಹಾರಿ. ಯಾಕ್ರೀ ಬೇಕು?" ಈಗ ಸತತ ಎರಡು ಸೀಸನ್ ಕೈತುಂಬ ಲಾಭ ಬಂದಿದೆ. ಅಂದು ತಲೆ ಅಲ್ಲಾಡಿಸಿದವರಲ್ಲೇ ಇಬ್ಬರು, ಚಿತ್ರದುರ್ಗದ ಒಬ್ಬರು ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲ ತೊಡಕಿನ ಮೂಲ, ಲಕ್ಷದ್ವೀಪದಲ್ಲಿ ವಿಮಾನ ಇಳಿಯುವ ಅಗತ್ತಿ ದ್ವೀಪದ ರನ್‌ವೇ. ಉದ್ದ ಸುಮಾರು 1,200 ಮೀಟರ್. ಬೆಂಗಳೂರಿನದು 4,000. ದ್ವೀಪದ ದಕ್ಷಿಣ ತುದಿಯಲ್ಲಿ, ಎರಡೂ ಕಡೆ ನೀರು. 1988ರಲ್ಲಿ ಡಾರ್ನಿಯರ್ ವಿಮಾನದಿಂದ ಶುರುವಾದ ನಿಲ್ದಾಣ, ಈಗ ಎಟಿಆರ್ ಇಳಿಯುತ್ತದೆ. ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನವಾದರೂ ಅಷ್ಟು ಚಿಕ್ಕ ರನ್‌ವೇಯಿಂದ ಬಿಸಿಲಲ್ಲಿ ಮೇಲೇಳಬೇಕಾದರೆ ತೂಕ ಇಳಿಸಲೇಬೇಕು. ಹಾಗಾಗಿ ಮಾರುವ ಸೀಟೇ ಕಡಿಮೆ, ಲಗೇಜಿನಲ್ಲಿ ಒಂದು ಕೆ.ಜಿ. ಹೆಚ್ಚಾದರೂ ತಕರಾರು. ಇಂಥ ಕಡೆಗೆ ನಲವತ್ತು ಜನರನ್ನು ಒಟ್ಟಿಗೆ ಕಳಿಸುತ್ತೇನೆ ಅನ್ನುವುದೇ ಆಗದ ಮಾತು. ನನ್ನ ಮೊದಲ ಸೀಸನ್ ಪೂರ್ತಿ ಆ ಆಗದ ಮಾತಿನ ಬೆನ್ನು ಹತ್ತಿ ಹೋಯಿತು.

ಮೂವತ್ತು ಜನರ ಪಟ್ಟಿ ಮಾಡಿ, ಎಲ್ಲರ ಪರ್ಮಿಟ್ ಬಂದ ಮೇಲೆ ಟಿಕೆಟ್ ಅಂದುಕೊಂಡರೆ, ಕಾಯುವಷ್ಟರಲ್ಲಿ ಆರು ಸಾವಿರದ ಸೀಟು ಹನ್ನೊಂದಾಯಿತು. ಮುಂದಿನ ಸಲ ಟಿಕೆಟ್ ಮೊದಲು ತೆಗೆದರೆ, ನಾಲ್ಕು ಜನರ ಪರ್ಮಿಟ್ ಬರಲಿಲ್ಲ. ಕ್ಯಾನ್ಸಲೇಷನ್ ಕಡಿತ, ಅಲ್ಲಿನ ರೂಮಿನ ಅಡ್ವಾನ್ಸ್, ಇಲ್ಲಿ ಗಿರಾಕಿಗೆ ವಾಪಸ್ ಕೊಟ್ಟದ್ದು, ಎಲ್ಲ ಸೇರಿ ಆ ಸೀಸನ್ನಿನಲ್ಲಿ ಹತ್ತಿರ ಹತ್ತಿರ ಎರಡು ಲಕ್ಷ ಹೋಯಿತು. ಮನೆಯಲ್ಲಿ ಚಿನ್ನ ಅಡವಿಟ್ಟೆವು.

ಪರ್ಮಿಟ್ ಯಾಕೆ ಬರಲಿಲ್ಲ? 1967ರ ಪ್ರವೇಶ ನಿರ್ಬಂಧದ ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ, ಕಾಗದ ಸರಿ ಇರಬೇಕು, ಅಷ್ಟೇ. ನಮ್ಮ ಕಡೆಯ ತೊಂದರೆ ಹೆಸರು. ಆಧಾರ್‌ನಲ್ಲಿ ಬರೀ ಇನಿಷಿಯಲ್, ಪರ್ಮಿಟ್ ಅರ್ಜಿಗೆ ಹಚ್ಚುವ ಪೊಲೀಸ್ ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರು ಬಿಡಿಸಿ, ಹೆಂಗಸರದ್ದಾದರೆ ಒಂದರಲ್ಲಿ ತವರಿನ ಇನಿಷಿಯಲ್, ಇನ್ನೊಂದರಲ್ಲಿ ಗಂಡನ ಹೆಸರು. ಟಿಕೆಟ್ಟಿನ ಮೇಲೆ ಮೂರನೇ ಥರ. ಯಾವ ಅಧಿಕಾರಿ ಒಪ್ಪುತ್ತಾನೆ?

ಈಗ ನಾನು ಮಾಡುವುದು ಹೀಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ರೊಚ್ಚಿಗೆದ್ದಿರುತ್ತದೆ, ಅಲ್ಲಿ ಟೂರಿಸಂ ಬಂದ್. ಆ ಮಳೆಗಾಲವೇ ನನಗೆ ಹೆಸರು ತಿದ್ದಿಸುವ ಕಾಲ. ಬರುವ ಮನಸ್ಸಿರುವವರಿಂದ ಸಾವಿರ ರೂಪಾಯಿ ತೆಗೆದುಕೊಂಡು ಆಧಾರ್ ಒಂದೇ ಥರ ಮಾಡಿಸುತ್ತೇನೆ. ದೀಪಾವಳಿ ಮುಗಿದ ಮೇಲೆ ಸೇವಾ ಸಿಂಧುವಿನಲ್ಲಿ ಪೊಲೀಸ್ ಸರ್ಟಿಫಿಕೇಟಿಗೆ ಅರ್ಜಿ. ಆಮೇಲೆ ಕಾಗದ ಸಿದ್ಧ ಇರುವವರಲ್ಲೇ ಆರು ಅಥವಾ ಎಂಟು ಜನರ ತಂಡ ಕಟ್ಟಿ, ಸೀಟು ಸಿಕ್ಕ ದಿನಕ್ಕೆ ಟೂರ್. ಹೊರಡುವ ದಿನವನ್ನು ನಾನಾಗಲಿ ಗಿರಾಕಿಯಾಗಲಿ ಗೊತ್ತು ಮಾಡುವುದಿಲ್ಲ, ಸೀಟು ಗೊತ್ತು ಮಾಡುತ್ತದೆ. ವಾಪಸ್ ಬರುವ ಟಿಕೆಟ್ ಮೊದಲು, ಹೋಗುವುದು ಆಮೇಲೆ. ಇದನ್ನು ಯಾರೂ ನಂಬಲಿಲ್ಲ. "ಡೇಟ್ ಇಲ್ದೆ ಪಾಂಪ್ಲೆಟ್ ಹೆಂಗ್ ಹೊಡಸ್ತೀರಿ?" ಅಂತ ಕೇಳಿದರು. ನಾನು ಪಾಂಪ್ಲೆಟ್ ಹೊಡೆಸುವುದೇ ಬಿಟ್ಟಿದ್ದೇನೆ.

ಯಾವ ವಾರದಲ್ಲಿ ಸೀಟು ಸಡಿಲಾಗುತ್ತದೆ, ಬೆಲೆ ಯಾವ ಹೊತ್ತಿಗೆ ಇಳಿಯುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲಾರೆ. ಅಗತ್ತಿಯಲ್ಲಿ ನಾನು ಇಳಿಸುವ ಮನೆಯ ವಿಳಾಸವನ್ನೂ ಕೇಳಬೇಡಿ. ಅವು ನನ್ನ ಅನ್ನ.

ಸೀಸನ್ ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ. ಎಲ್ಲರೂ ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆಗೆ ಮುಗಿಬೀಳುತ್ತಾರೆ. ನಾನು ಶಾಲೆ ಮಕ್ಕಳಿರುವ ಮನೆಗಳನ್ನೇ ಬಿಟ್ಟೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ಕೊಯ್ಲು ಮುಗಿದು ಕೈಯಲ್ಲಿ ದುಡ್ಡು ಆಡುವುದು ಜನವರಿ ಆದ ಮೇಲೆ. ಮಕ್ಕಳು ಬೆಂಗಳೂರಿನಲ್ಲಿ ಕೆಲಸಕ್ಕಿರುತ್ತಾರೆ, ಗಂಡ ಹೆಂಡತಿ ಇಬ್ಬರೇ. ಫೆಬ್ರವರಿಯಲ್ಲಿ ಅವರಿಗೂ ಬಿಡುವು, ನೀರೂ ತಿಳಿ, ಸೀಟೂ ಸಿಗುತ್ತದೆ. ಮಂಡಿಪೇಟೆಯ ವ್ಯಾಪಾರಿಗಳು ಒಮ್ಮೆ ಹೋಗಿ ಬಂದವರು ಮತ್ತೆ ಕೇಳುತ್ತಾರೆ. ಮೇ ತಿಂಗಳಿನಲ್ಲಿ ಒಂದು ತಂಡ ಹಾಕಿದ್ದಾಗ ಹವಾಮಾನ ಕೆಟ್ಟು ವಿಮಾನ ಬರದೆ ಎರಡು ದಿನ ಹೆಚ್ಚು ಉಳಿಯಬೇಕಾಯಿತು. ರೂಮು, ಊಟ, ಹೊಸ ಟಿಕೆಟ್ ಅಂತ ತೊಂಬತ್ತು ಸಾವಿರದ ಆಸುಪಾಸು ನನ್ನ ಜೇಬಿನಿಂದ ಹೋಯಿತು. ಡಿಸೆಂಬರ್ ಆದರೆ ಭಯವಿಲ್ಲ ಅಂತಲೂ ಹೇಳುವಂತಿಲ್ಲ. 2017ರ ಓಖಿ ಚಂಡಮಾರುತ ಲಕ್ಷದ್ವೀಪ ಮುಟ್ಟಿದ್ದು ಡಿಸೆಂಬರ್ ಮೊದಲ ವಾರದಲ್ಲೇ. ತೌಕ್ತೆ ಬಂದದ್ದು 2021ರ ಮೇ ತಿಂಗಳಲ್ಲಿ.

ಆ ತೊಂಬತ್ತು ಸಾವಿರದ ನಂತರ ತಲೆಗೆ ಎರಡು ಸಾವಿರ ಬೇರೆ ಎತ್ತಿಡುತ್ತೇನೆ. ಹೆಚ್ಚು ದಿನ ಉಳಿಯಬೇಕಾದರೆ ಅದರಿಂದ ಖರ್ಚು, ಇಲ್ಲದಿದ್ದರೆ ಊರಿಗೆ ಬಂದ ಮೇಲೆ ಎಣಿಸಿ ಕೈಗೆ ವಾಪಸ್. ಆ ಎರಡು ಸಾವಿರ ವಾಪಸ್ ಕೊಟ್ಟದ್ದರಿಂದ ಬಂದಷ್ಟು ಗಿರಾಕಿ ಯಾವ ಜಾಹೀರಾತಿನಿಂದಲೂ ಬಂದಿಲ್ಲ.

ಇನ್ನು ತೂಕದ ಮಾತು. ವಿಮಾನದ ಕೌಂಟರಿನಲ್ಲಿ ಕೊಡುವ ಬ್ಯಾಗ್ 15 ಕೆ.ಜಿ., ಕೈಯಲ್ಲಿ 7. ಹೊರಡುವ ಎರಡು ದಿನ ಮೊದಲು ಎಲ್ಲರೂ ಬ್ಯಾಗ್ ತುಂಬಿಕೊಂಡು ನನ್ನ ಅಂಗಡಿಗೆ ಬರಲೇಬೇಕು. ಕೈಯಲ್ಲಿ ಹಿಡಿದು ತೂಗುವ ಡಿಜಿಟಲ್ ಕಾಟಾ ಇಟ್ಟಿದ್ದೇನೆ. ಹೋದ ಸೀಸನ್ನಿನಲ್ಲಿ ಮಗನ ಜೊತೆ ಹೊರಟಿದ್ದ ಒಬ್ಬ ಅಜ್ಜಿಯ ಬ್ಯಾಗ್ ಎತ್ತಿದರೆ 19 ತೋರಿಸಿತು.

"ಅಜ್ಜೀ, ಇದ್ರಲ್ಲಿ ಏನೈತಿ?"

"ಏನಿಲ್ಲ ಕಣಪ್ಪ, ಒಂದೀಟು ಉಪ್ಪಿನಕಾಯಿ. ನನ್ ಮಗಂಗೆ ಅದಿಲ್ದಿದ್ರೆ ಊಟ ಸೇರಲ್ಲ."

ಬಿಚ್ಚಿದರೆ ಎರಡು ಕೆ.ಜಿ. ಹಿಡಿಯುವ ಸ್ಟೀಲ್ ಡಬ್ಬಿಯ ತುಂಬ ಮಾವಿನಕಾಯಿ ಉಪ್ಪಿನಕಾಯಿ, ಅದಕ್ಕೆ ಸುತ್ತಿದ ಹಳೇ ಕಾಟನ್ ಸೀರೆ, ಕಡಕ್ ರೊಟ್ಟಿಯ ಕಟ್ಟು, ಒಣ ಕೊಬ್ಬರಿ ನಾಲ್ಕು ಬಟ್ಟಲು. ಕೊಬ್ಬರಿ ತೆಗೆಸಿದೆ, ಅದು ತೆಂಗಿನ ದ್ವೀಪ. ಉಪ್ಪಿನಕಾಯಿಯನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಕಾಲು ಕೆ.ಜಿ.ಯಷ್ಟು ಹಾಕಿ, ಬಾಯಿಗೆ ಟೇಪ್ ಸುತ್ತಿದೆ. 14ಕ್ಕೆ ಬಂತು. ಅಜ್ಜಿ ಮುಖ ಸಣ್ಣ ಮಾಡಿಕೊಂಡರು, ಆದರೆ ಬೆಂಗಳೂರಿನ ಕೌಂಟರಿನಲ್ಲಿ ನಮ್ಮ ತಂಡವನ್ನು ಯಾರೂ ಪಕ್ಕಕ್ಕೆ ನಿಲ್ಲಿಸಲಿಲ್ಲ.

ಊಟದ ವಿಷಯದಲ್ಲಿ ಬಹಳ ಪ್ರಯೋಗ ಮಾಡಿದ್ದೇನೆ. ಅಲ್ಲಿ ಅನ್ನ, ತೆಂಗು, ಟ್ಯೂನಾ ಮೀನು ಧಾರಾಳ, ತರಕಾರಿ ಮಾತ್ರ ಹೊರಗಿನಿಂದ ಬರಬೇಕು. ಅಡುಗೆಯವನನ್ನು ಕರೆದೊಯ್ದು ನೋಡಿದೆ: ಅವನ ಟಿಕೆಟ್ಟೇ ನನ್ನ ಲಾಭ ತಿಂದಿತು. ನಮ್ಮೂರಿನ ಖಾರ ಮಂಡಕ್ಕಿ ಹಗುರ ಅಂತ ದೊಡ್ಡ ಕವರಿನಲ್ಲಿ ಒಯ್ದೆ, ಒಂದೇ ರಾತ್ರಿಗೆ ಉಪ್ಪುಗಾಳಿ ಕುಡಿದು ಮೆತ್ತಗಾಯಿತು. ಬಾಣಲೆಯಲ್ಲಿ ಎರಡು ನಿಮಿಷ ಬಿಸಿ ಮಾಡಿದರೆ ಮತ್ತೆ ಗರಿಗರಿ ಆಗುತ್ತದೆ, ಆದರೆ ಹೊತ್ತು ಹೊತ್ತಿಗೆ ಯಾರು ಹುರಿಯುತ್ತಾರೆ? ಗಾಳಿ ಆಡದಂತೆ ಮುಚ್ಚಿದ ಟಿನ್ನಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಇವು ಮಾತ್ರ ನಿಂತವು. ತಲೆಗೆ ಒಂದೂವರೆ ಕೆ.ಜಿ. ಸಾಕು. ಮಿಕ್ಕಿದ್ದಕ್ಕೆ ಅಗತ್ತಿಯಲ್ಲಿ ನಾವು ಇಳಿಯುವ ಮನೆಯವರಿಗೆ ಬೇಳೆ ಸಾರು, ತೆಂಗಿನಕಾಯಿ ಚಟ್ನಿ ಮೊದಲೇ ಹೇಳಿಟ್ಟಿರುತ್ತೇನೆ. ಬೇರೆ ಪಾತ್ರೆ ಕೇಳಿದರೂ ಮರುಮಾತಿಲ್ಲದೆ ಕೊಡುತ್ತಾರೆ. ಅಂಥ ಜನ ಅವರು.

ಮೊದಲು ಕೊಚ್ಚಿಯಿಂದ ಹೋಗುತ್ತಿದ್ದಾಗ ದಾವಣಗೆರೆಯಿಂದ ಅಲ್ಲಿಗೆ ಮುಟ್ಟುವುದೇ ಒಂದು ಟೂರ್ ಆಗುತ್ತಿತ್ತು. 2024ರ ಮಾರ್ಚ್ 31ರಿಂದ ಇಂಡಿಗೋ ಬೆಂಗಳೂರಿನಿಂದ ನೇರ ಹಾರಾಟ ಶುರು ಮಾಡಿದ ಮೇಲೆ ಲೆಕ್ಕ ಬದಲಾಯಿತು. ಆ ಜನವರಿಯಲ್ಲಿ ಪ್ರಧಾನಿ ಹೋಗಿ ಬಂದು ಫೋಟೋ ಹಾಕಿದ್ದರಿಂದ ಬೇಡಿಕೆಯೂ ಏರಿತ್ತು. ಮಧ್ಯಾಹ್ನದ ವಂದೇ ಭಾರತ್‌ನಲ್ಲಿ ಹೊರಟು ರಾತ್ರಿ ಏರ್‌ಪೋರ್ಟ್ ಹತ್ತಿರ ತಂಗುವುದು, ಬರುವಾಗಲೂ ಬೆಂಗಳೂರಿನಲ್ಲಿ ಒಂದು ರಾತ್ರಿ. ಅದೇ ಸಂಜೆಯ ರೈಲಿಗೆ ಟಿಕೆಟ್ ಮಾಡಿಸಿ ಅಂತ ಗಿರಾಕಿ ಎಷ್ಟೇ ಹಟ ಹಿಡಿದರೂ ಮಾಡಿಸುವುದಿಲ್ಲ.

ಹಡಗನ್ನೂ ನೋಡಿದ್ದೇನೆ. ಹೋಗುವಾಗ ವಿಮಾನ, ಬರುವಾಗ ಕೊಚ್ಚಿಗೆ ಹಡಗು ಅಂತ ಒಂದು ತಂಡಕ್ಕೆ ಮಾಡಿದೆ. ತಲೆಗೆ ಮೂರು ಸಾವಿರ ಉಳಿಯಿತು. ಹದಿನಾರು ತಾಸಿನಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡು ಮಲಗಿದರು. ಬಯಲುಸೀಮೆಯ ಹೊಟ್ಟೆಗೆ ಆ ಅಲೆ ಒಗ್ಗುವುದಿಲ್ಲ. 2024ರ ಮೇನಲ್ಲಿ ಪರಳಿ ಅನ್ನುವ ವೇಗದ ಹಡಗು ಸುಮಾರು ಏಳು ತಾಸಿನಲ್ಲಿ ಮಂಗಳೂರಿನ ಹಳೇ ಬಂದರಿಗೆ ಬಂದಾಗ ನನಗೆ ನಿದ್ದೆ ಹತ್ತಲಿಲ್ಲ. ಮಂಗಳೂರಿನಿಂದ ಖಾಯಂ ಆದರೆ ನನ್ನ ಅರ್ಧ ಖರ್ಚು ಇಳಿಯುತ್ತದೆ. ಹೊಸ ನಂಟೇನೂ ಅಲ್ಲ ಅದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಗಿರಾಕಿಗಳಿಗೆ ಇದನ್ನು ಹೇಳಿದರೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂರುತ್ತಾರೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ನಾಲ್ಕು ರಾತ್ರಿಗೆ ತಲೆಗೆ 42 ಸಾವಿರ ತೆಗೆದುಕೊಳ್ಳುತ್ತೇನೆ, ಎತ್ತಿಡುವ ಎರಡು ಸಾವಿರ ಅದರ ಮೇಲೆ. ವಿಮಾನಕ್ಕೆ ಎರಡೂ ಕಡೆ ಸೇರಿ ಹದಿನೈದರ ಹತ್ತಿರ. ಅಲ್ಲಿನ ವಾಸ, ಊಟ ಹನ್ನೆರಡು. ಬಂಗಾರಂ, ತಿನ್ನಕರ ದ್ವೀಪಗಳಿಗೆ ದೋಣಿ, ಪರ್ಮಿಟ್ ಶುಲ್ಕ ಎಲ್ಲ ನಾಲ್ಕೂವರೆ. ರೈಲು, ಬೆಂಗಳೂರಿನ ಎರಡು ರಾತ್ರಿ ನಾಲ್ಕು. ಆರೂವರೆ ಉಳಿಯಿತು. ಎಂಟು ಜನಕ್ಕೆ ಐವತ್ತು ಸಾವಿರ ದಾಟುತ್ತದೆ. ನಲವತ್ತು ಜನರ ಶಿರಡಿ ಬಸ್ಸಿನಲ್ಲಿ ಡ್ರೈವರ್, ಟೋಲ್, ಡೀಸೆಲ್ ಕಳೆದು ನನಗೆ ಇಪ್ಪತ್ತೈದು ಉಳಿದದ್ದೇ ಹೆಚ್ಚು. ಅಗತ್ತಿಯಲ್ಲಿ ಕೈಯಲ್ಲಿ ನಗದು ಇರಲಿ. 2024ರಲ್ಲಿ ಕೊಚ್ಚಿಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ ನಿಜ, ಆದರೆ ದೋಣಿಯವನ ಹತ್ತಿರ ಫೋನ್‌ಪೇ ನಂಬಿಕೊಂಡು ನಿಲ್ಲಬೇಡಿ.

ಈ ಮಳೆಗಾಲಕ್ಕೆ ಹೆಸರು ತಿದ್ದಿಸುವವರ ಪಟ್ಟಿ ಆಗಲೇ ಅರವತ್ತರ ಹತ್ತಿರ ಬಂದಿದೆ. ಅದರಲ್ಲಿ ಹನ್ನೆರಡು ಮಂದಿ ಹರಿಹರದ ಒಂದೇ ಭಜನಾ ಮಂಡಳಿಯ ಹೆಂಗಸರು. ಒಟ್ಟಿಗೇ ಹೋಗಬೇಕು ಅಂತ ಅವರ ಹಟ. ಆರಾರು ಮಾಡಿ, ಮೊದಲ ತಂಡ ಹೋದ ಎರಡನೇ ದಿನ ಉಳಿದವರು ಅಲ್ಲಿ ಕೂಡಿಕೊಳ್ಳುವ ಹಾಗೆ ಸೀಟು ಹೊಂದಿಸಲು ನೋಡುತ್ತಿದ್ದೇನೆ.